ಆಲಿಸುವವರ ಚರಿತ್ರೆ

ಮನೆಯ ಕಷ್ಟವನ್ನು ಬೀದಿಗೆ ತರಬಾರದೆಂಬುದು ಹಿರಿಯರಿಂದ ನಮಗೆ ಬಂದ ಮಾತು. ಆ ಕಷ್ಟವನ್ನು ಕೇಳುವವರೊಬ್ಬರು ಮನೆಯೊಳಗೇ ಇದ್ದಾರೆಂಬ ನಂಬಿಕೆ ಅದರ ಹಿಂದೆ ಇತ್ತು. ಅಜ್ಜಿಯೋ, ಸೋದರಮಾವನೋ, ಊರಿನ ಹಿರಿಯರೋ ಆ ಕೆಲಸವನ್ನು ಮಾಡುತ್ತಿದ್ದರು. ಆದರೆ ಈ ಏರ್ಪಾಟು ಎಲ್ಲರಿಗೂ ಸಮನಾಗಿ ಒದಗಿತೆಂದು ಹೇಳಲಾಗದು. ನೋಯಿಸಿದವರೇ ನ್ಯಾಯ ಹೇಳುವ ಜಗಲಿಯ ಮೇಲೆ ಕುಳಿತಿದ್ದರೆ, ಸೊಸೆಯಾದವಳು ಯಾರ ಮುಂದೆ ಬಾಯಿ ಬಿಡಬೇಕು? ಅವಳಿಗೆ ದೊರೆಯುತ್ತಿದ್ದುದು ‘ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿವಾದ. ಬುದ್ಧಿವಾದವೇ ಬೇರೆ, ಆಪ್ತಸಮಾಲೋಚನೆಯೇ ಬೇರೆ. ಅಲ್ಲಿ ಹೇಳುವುದು ಮುಖ್ಯ. ಇಲ್ಲಿ ಆಲಿಸುವುದು ಮುಖ್ಯ. ಹೀಗೆ ಆಲಿಸುವವರು ನಮ್ಮ ನಡುವೆ ಹೇಗೆ ಮೂಡಿಬಂದರೆಂಬುದನ್ನು ಈ ಹೊತ್ತು ಕೊಂಚ ವಿಚಾರಿಸೋಣ.

ಬೆಂಗಳೂರಿನಲ್ಲಿ ಹುಚ್ಚರ ಆಸ್ಪತ್ರೆಯೊಂದು 1847ರಲ್ಲಿ ಆರಂಭವಾಯಿತು. ಆ ಕಾಲದ ಇಂಥ ಆಲಯಗಳಿಗೆಲ್ಲ ಎತ್ತರದ ಗೋಡೆಯೇ ಮುಖ್ಯ ಲಕ್ಷಣ. ರೋಗಿಯನ್ನು ಬಿಟ್ಟುಹೋದ ಬಂಧುಗಳು ಬಾಗಿಲ ಹೊರಗೇ ಉಳಿಯುತ್ತಿದ್ದರು. ಎಷ್ಟೋ ಮಂದಿ ಮರಳಿ ಬರುತ್ತಲೇ ಇರಲಿಲ್ಲ. 1925ರಲ್ಲಿ ಈ ಆಸ್ಪತ್ರೆಯ ಹೆಸರು ಬದಲಾಗಿ ಮಾನಸಿಕ ಆಸ್ಪತ್ರೆಯೆಂದಾಯಿತು. ಹೆಸರು ಬದಲಾದ ಮಾತ್ರಕ್ಕೆ ಗೋಡೆ ಕರಗುವುದಿಲ್ಲವಾದರೂ, ನೋಡುವ ದೃಷ್ಟಿ ಬದಲಾಗತೊಡಗಿತ್ತೆಂಬುದಕ್ಕೆ ಅದೊಂದು ಗುರುತು.

ಗೋಡೆಯನ್ನು ನಿಜವಾಗಿ ದಾಟಿದ ಪ್ರಯತ್ನ ನಡೆದದ್ದು ಅಮೃತಸರದಲ್ಲಿ, 1950ರ ದಶಕದಲ್ಲಿ. ಅಲ್ಲಿನ ಮಾನಸಿಕ ಆಸ್ಪತ್ರೆ ರೋಗಿಗಳಿಂದ ಕಿಕ್ಕಿರಿದಿತ್ತು. ಅದರ ಮುಖ್ಯಸ್ಥರಾಗಿದ್ದ ಡಾಕ್ಟರ್ ವಿದ್ಯಾಸಾಗರ್ ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನು ಅಲ್ಲಿಯೇ ಜೊತೆಗಿರಲು ಕರೆದರು. ತಾಯಿಯ ಕೈಯಡುಗೆ ಉಂಡು, ಹೆಂಡತಿ ಮಕ್ಕಳ ಕಣ್ಣೆದುರಿಗೆ ಚಿಕಿತ್ಸೆ ಪಡೆದ ರೋಗಿಗಳು ಬೇಗ ಚೇತರಿಸಿಕೊಂಡರು. ಅದಕ್ಕಿಂತ ಮಿಗಿಲಾದ ಫಲವೆಂದರೆ, ರೋಗವೆಂದರೇನು, ರೋಗಿಯೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಮನೆಯವರೂ ಕಲಿತರು. ಭಾರತದಲ್ಲಿ ಕೌಟುಂಬಿಕ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಈ ಡೇರೆಗಳಿಂದಲೇ ಮೊದಲು ಮಾಡುವುದು ವಾಡಿಕೆ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಆ ಸಂಸ್ಥೆಯೂ ಹಳೆಯ ಆಸ್ಪತ್ರೆಯೂ ಕೂಡಿ ಇಂದಿನ ನಿಮ್ಹಾನ್ಸ್ ರೂಪುಗೊಂಡಿತು. ಅಲ್ಲಿ ಬೆಳೆದ ಕುಟುಂಬ ಮನೋವೈದ್ಯ ಕೇಂದ್ರದಲ್ಲಿ ರೋಗಿಯೊಬ್ಬನನ್ನೇ ಅಲ್ಲದೆ, ಗಂಡ ಹೆಂಡಿರನ್ನು, ಇಡೀ ಮನೆಯನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವ ಪದ್ಧತಿ ನೆಲೆಗೊಂಡಿತು. ಆದರೆ ಹಳ್ಳಿಯ ಜನ ಬೆಂಗಳೂರಿನವರೆಗೆ ಬರುವುದು ಸುಲಭವೇ? ಈ ಪ್ರಶ್ನೆಗೆ ಉತ್ತರವೆಂಬಂತೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿಯಿತ್ತು, ಮನೋರೋಗವನ್ನು ಊರ ಹತ್ತಿರವೇ ಗುರುತಿಸಿ ಉಪಚರಿಸುವಂತೆ ಮಾಡಲಾಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಈ ಬಳ್ಳಾರಿಯೇ.

ಆಲಿಸುವವರು ವೈದ್ಯರೇ ಆಗಿರಬೇಕೆಂಬ ನಿಯಮವಿಲ್ಲವೆಂದು ತೋರಿಸಿಕೊಟ್ಟದ್ದು ಲಂಡನ್ ನಗರದ ಒಂದು ಪ್ರಸಂಗ. 1953ರಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಆತ್ಮಹತ್ಯೆಯ ಯೋಚನೆಯಲ್ಲಿದ್ದವರು ತಮ್ಮನ್ನು ಕಾಣಬಹುದೆಂದು, ದೂರವಾಣಿಯಲ್ಲಿ ಕರೆಯಬಹುದೆಂದು ಪ್ರಕಟಿಸಿದರು. ಬಂದವರು ಸರದಿಗಾಗಿ ಹೊರಗೆ ಕಾದಿರುತ್ತಿದ್ದರು. ಸಹಾಯಕ್ಕೆಂದು ಬಂದ ಸಾಮಾನ್ಯ ಜನ ಅವರಿಗೆ ಚಹಾ ಕೊಟ್ಟು, ಜೊತೆಗೆ ಕುಳಿತು, ಅವರ ಮಾತನ್ನು ಕೇಳುತ್ತಿದ್ದರು. ಹಲವರಿಗೆ ಆ ಚಹಾ, ಆ ಮಾತು ಇಷ್ಟರಿಂದಲೇ ಭಾರ ಇಳಿಯುತ್ತಿದ್ದುದನ್ನು ಪಾದ್ರಿ ಗಮನಿಸಿದರು. ಮರುವರ್ಷ ದೂರವಾಣಿಯ ಕೆಲಸವನ್ನು ಆ ಸ್ವಯಂಸೇವಕರಿಗೇ ಒಪ್ಪಿಸಿದರು. ಸಮಾರಿಟನ್ಸ್ ಸಂಸ್ಥೆ ಬೆಳೆದದ್ದು ಹೀಗೆ. ಇಂಥದೇ ಸೇವೆಯನ್ನು ಚೆನ್ನೈಯಲ್ಲಿ ‘ಸ್ನೇಹಾ’ ಸಂಸ್ಥೆ 1986ರಿಂದ ನಡೆಸುತ್ತ ಬಂದಿದೆ.

ಸಮಾಲೋಚನೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆ ಆಪ್ತಸಮಾಲೋಚಕರಿಗೆ ಅವಕಾಶ ಕಲ್ಪಿಸಿತು. ತೀರ್ಪಿಗೆ ಮೊದಲು ರಾಜಿಗೆ ಪ್ರಯತ್ನಿಸುವುದನ್ನು ನ್ಯಾಯಾಧೀಶರ ಕರ್ತವ್ಯವನ್ನಾಗಿಸಿತು. ಇಲ್ಲಿ ಒಂದು ಅಪಾಯವೂ ಅಡಗಿದೆಯೆಂಬುದನ್ನು ಮರೆಯಲಾಗದು. ರಾಜಿಯ ಹೆಸರಿನಲ್ಲಿ ಹಳೆಯ ‘ಹೊಂದಿಕೊಂಡು ಹೋಗಮ್ಮ’ ಎಂಬ ಮಾತೇ ಸರ್ಕಾರದ ಮೊಹರು ಹೊತ್ತು ಮರಳಿ ಬರಬಾರದಲ್ಲವೆ? ಈ ಎಚ್ಚರ ಕೌಟುಂಬಿಕ ಹಿಂಸೆಯನ್ನು ಕುರಿತ 2005ರ ಕಾಯಿದೆಯಲ್ಲಿ, ಮರುವರ್ಷದ ಅದರ ನಿಯಮಗಳಲ್ಲಿ ಕಾಣುತ್ತದೆ. ಹೊಡೆದದ್ದಕ್ಕೆ ಸಮರ್ಥನೆ ಹೇಳಲು ಸಮಾಲೋಚನೆಯಲ್ಲಿ ಎದುರಾಳಿಗೆ ಎಡೆಯಿಲ್ಲವೆಂದು ಆ ನಿಯಮಗಳು ಸ್ಪಷ್ಟಪಡಿಸಿವೆ. ಮನೆಯನ್ನು ಉಳಿಸುವುದು ದೊಡ್ಡದು. ಮನೆಯೊಳಗಿನ ಮನುಷ್ಯರನ್ನು ಉಳಿಸುವುದು ಅದಕ್ಕಿಂತ ದೊಡ್ಡದು.

2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿತ್ತು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಕೊರತೆಯನ್ನು ತುಂಬಲು 2022ರ ಅಕ್ಟೋಬರ್ 10ರಂದು ಟೆಲಿ ಮನಸ್ ಎಂಬ ದೂರವಾಣಿ ಸೇವೆ ಆರಂಭವಾಯಿತು. 14416 ಎಂಬ ಸಂಖ್ಯೆಗೆ ಹಗಲಿರುಳೆನ್ನದೆ ಕರೆ ಮಾಡಬಹುದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಎದುರಿಗೆ ಕುಳಿತು ಮಾತನಾಡಬೇಕೆನ್ನುವವರು ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ಖಾಸಗಿಯವರ ಬಳಿಗೆ ಹೋಗುವವರು, ಅವರು ಎಲ್ಲಿ ತರಬೇತಿ ಪಡೆದರು, ಹೇಳಿದ್ದನ್ನು ಗುಟ್ಟಾಗಿ ಇಡುವರೇ ಎಂಬ ಎರಡು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಯೋಗ್ಯರಾದವರು ಅದಕ್ಕೆ ಬೇಸರಪಡುವುದಿಲ್ಲ.

ಬೆಂಗಳೂರಿನ ಗೋಡೆಯಿಂದ ಅಮೃತಸರದ ಡೇರೆಗೆ, ಅಲ್ಲಿಂದ ಬಳ್ಳಾರಿಯ ಆರೋಗ್ಯ ಕೇಂದ್ರಕ್ಕೆ, ಕೊನೆಗೆ ಕೈಯೊಳಗಿನ ದೂರವಾಣಿಗೆ ಈ ದಾರಿ ಬಂದು ಮುಟ್ಟಿದೆ. ಇನ್ನುಳಿದಿರುವುದು ಒಂದೇ ಹೆಜ್ಜೆ. ಮನೆಯ ಕಷ್ಟವನ್ನು ಬೀದಿಗೆ ತರುವುದು ಬೇಡ, ಒಪ್ಪೋಣ. ಆದರೆ ಅದನ್ನು ಆಲಿಸಬಲ್ಲವರ ಬಾಗಿಲಿಗೆ ಒಯ್ಯುವುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.