ಬೀಗದ ಗುರುತು ಇದ್ದರೆ ಸಾಲದು

ಕಳೆದ ವರ್ಷ ಹಾಸನದಿಂದ ಅಪ್ಪ ಫೋನ್ ಮಾಡಿದ್ರು. ಹಳೇ ಸ್ಕೂಟರಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಬುಕ್ ಮಾಡೋಕೆ ಮೊಬೈಲ್‌ನಲ್ಲಿ ಹುಡುಕಿ, ಕಣ್ಣಿಗೆ ಬಿದ್ದ ಮೊದಲ ಲಿಂಕ್ ಒತ್ತಿದ್ದರು. ಆ ವೆಬ್‌ಸೈಟು ಆಧಾರ್ ಫೋಟೊ ಕೇಳಿತು, ಕೊಟ್ಟರು. ಡೆಬಿಟ್ ಕಾರ್ಡಿನ ವಿವರ, ಒಟಿಪಿ ಎಲ್ಲವನ್ನೂ ಕೊಟ್ಟರು. ಹನ್ನೊಂದು ಸಾವಿರ ಹೋಯಿತು. ನಾನು ರೇಗಿದೆ. ಅವರು ಮೆಲ್ಲಗೆ ಹೇಳಿದ್ದಿಷ್ಟೇ: "ಬೀಗದ ಗುರುತು ಇತ್ತಲ್ಲಮ್ಮ. ಅದಿದ್ರೆ ಭಯ ಇಲ್ಲ ಅಂತ ನೀನೇ ಹೇಳಿದ್ದೆ."

ಹೌದು, ಹೇಳಿದ್ದೆ. ಎಂಜಿನಿಯರಿಂಗ್ ಓದಿದ ಮಗಳ ಮಾತು ಅಂತ ನಂಬಿದ್ದರು. ಆದರೆ ನಾನು ಹೇಳಿದ್ದು ಅರ್ಧ ಸತ್ಯ. ಉಳಿದರ್ಧ ಇಲ್ಲಿದೆ.

ಬೀಗ ಏನು ಹೇಳುತ್ತೆ?

ನಿಮ್ಮ ಫೋನಿಗೂ ಆ ವೆಬ್‌ಸೈಟಿಗೂ ನಡುವೆ ಮಾಹಿತಿ ಗುಪ್ತಲಿಪಿಯಲ್ಲಿ ಹೋಗುತ್ತದೆ, ದಾರಿಯಲ್ಲಿ ಯಾರೂ ಓದಲಾರರು. ಬೀಗದ ಅರ್ಥ ಇಷ್ಟೇ. ದಾರಿ ಭದ್ರ, ಸರಿ. ತಲುಪುವ ಮನೆ ಕಳ್ಳನದ್ದೇ ಆಗಿದ್ದರೆ? ಬೀಗಕ್ಕೆ ಬೇಕಾದ ಪ್ರಮಾಣಪತ್ರ ಇವತ್ತು ಉಚಿತವಾಗಿ, ನಿಮಿಷಗಳಲ್ಲಿ ಸಿಗುತ್ತದೆ, ವಂಚಕರಿಗೂ ಸಿಗುತ್ತದೆ. ಜನ ತಪ್ಪು ತಿಳಿಯುತ್ತಾರೆ ಎಂದೇ ಗೂಗಲ್ 2023ರಲ್ಲಿ ಕ್ರೋಮ್‌ನ ವಿಳಾಸಪಟ್ಟಿಯಲ್ಲಿದ್ದ ಬೀಗದ ಚಿತ್ರವನ್ನು ಬದಲಿಸಿತು.

ವಿಳಾಸ ಓದುವುದು ಹೇಗೆ?

ಹೆಸರಿನ ನಂತರ ಬರುವ ಮೊದಲ ಓರೆಗೆರೆ ಹುಡುಕಿ, ಅಲ್ಲಿಂದ ಎಡಕ್ಕೆ ಓದಿ. ಕೊನೆಯ ಭಾಗವೇ ಮಾಲೀಕನ ಗುರುತು. 'ಟ್ರಾನ್ಸ್‌ಪೋರ್ಟ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ನಮ್ಮ ಸಾರಿಗೆ ಇಲಾಖೆಯದು. ಅದೇ ಹೆಸರಿನ ಕೊನೆಗೆ 'ಬುಕಿಂಗ್ ಡಾಟ್ ಕಾಮ್' ಥರದ್ದು ಅಂಟಿಕೊಂಡಿದ್ದರೆ ಮುಂದಿನ 'ಕರ್ನಾಟಕ'ಕ್ಕೆ ಬೆಲೆಯಿಲ್ಲ. 'ಜಿಒವಿ ಡಾಟ್ ಇನ್' ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವಂಥದ್ದು. ಪಾಸ್‌ವರ್ಡ್ ಮ್ಯಾನೇಜರ್ ಬಳಸುವವರಿಗೆ ಇನ್ನೊಂದು ಅನುಕೂಲ: ವಿಳಾಸ ಒಂದಕ್ಷರ ತಪ್ಪಿದರೂ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ತುಂಬದಿದ್ದರೆ ಕೈಯಿಂದ ಟೈಪ್ ಮಾಡುವ ಮೊದಲು ನಿಲ್ಲಿ.

ಎಷ್ಟು ಕೊಡಬೇಕು?

ನಂಬರ್ ಪ್ಲೇಟಿಗೆ ವಾಹನದ ವಿವರ ಬೇಕು. ಆಧಾರ್ ಫೋಟೊ ಯಾಕೆ? ಪ್ರತಿ ಖಾನೆಯ ಮುಂದೆಯೂ ಈ ಪ್ರಶ್ನೆ ಕೇಳಿಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ನಮ್ಮ ಒಪ್ಪಿಗೆಯನ್ನು ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಗೇ ಸೀಮಿತಗೊಳಿಸುತ್ತದೆ. ಆಧಾರ್ ಕೊಡಲೇಬೇಕೆಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕಾಗುತ್ತದಾ ಕೇಳಿ. ಆಧಾರ್ ಸಂಖ್ಯೆಯ ಬದಲಿಗೆ 16 ಅಂಕಿಯ ವರ್ಚುವಲ್ ಐಡಿಯೂ ಇದೆ. ಅದನ್ನು ಬೇಕೆಂದಾಗ ಬದಲಿಸಬಹುದು. ಬೆರಳಚ್ಚಿನ ದುರ್ಬಳಕೆ ತಡೆಯಲು ಬಯೋಮೆಟ್ರಿಕ್ ಲಾಕ್ ಮಾಡಿಡಿ.

ಕೊಟ್ಟಾಗಿದ್ದರೆ?

ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆರ್‌ಬಿಐನ 2017ರ ನಿಯಮದ ಪ್ರಕಾರ, ಒಟಿಪಿಯನ್ನು ನೀವೇ ಕೊಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಅಪ್ಪ ಮಾತ್ರ ನನಗೆ ಹೇಳೋಕೆ ನಾಚಿಕೊಂಡು ಎರಡು ದಿನ ಸುಮ್ಮನಿದ್ದರು. ಆ ಎರಡು ದಿನದಲ್ಲೇ ದುಡ್ಡು ಎರಡನೇ ಸಲ ಹೋಗಿದ್ದು.

ಪಾಸ್‌ವರ್ಡ್ ಬದಲಿಸಬಹುದು, ಕಾರ್ಡ್ ಬ್ಲಾಕ್ ಮಾಡಬಹುದು. ಹುಟ್ಟಿದ ದಿನಾಂಕ, ತಾಯಿಯ ಹೆಸರು, ಬೆರಳಚ್ಚು ಬದಲಿಸೋಕೆ ಆಗಲ್ಲ. ಅಪ್ಪನ ಆಧಾರ್ ಫೋಟೊ ಈಗಲೂ ಯಾರದೋ ಕಂಪ್ಯೂಟರಿನಲ್ಲಿದೆ. ಮನೆಯ ಹಿರಿಯರಿಗೆ ಇದೆಲ್ಲ ಹೇಳಿಕೊಡುವಾಗ ಇನ್ನೊಂದು ಮಾತನ್ನೂ ಸೇರಿಸಿ: "ಮೋಸ ಹೋದ್ರೆ ಮೊದಲು ನನಗೆ ಹೇಳಿ, ನಾನು ರೇಗಲ್ಲ." ನಾನು ಅಪ್ಪನಿಗೆ ಹೇಳಲು ಮರೆತಿದ್ದು ಇದನ್ನೇ.