ಋತುವಿಗೆ ತಕ್ಕ ಊಟ, ಹಸಿವಿಗೆ ತಕ್ಕ ಪ್ರಸಾದ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಆದ್ದರಿಂದ ಲಿಂಗಾಯತರ ಮನೆಗಳಲ್ಲಿ ಊಟವೆಂಬುದು ಬರಿಯ ಹೊಟ್ಟೆಯ ವಿಷಯವಲ್ಲ. ಲಿಂಗಾರ್ಪಿತವಾದುದನ್ನು ಎಲೆಯಲ್ಲಿ ಬಿಟ್ಟು ಏಳಬಾರದೆಂಬುದು ಹಿರಿಯರು ಹಾಕಿಕೊಟ್ಟ ನಿಯಮ. ಇದನ್ನು ಹಲವರು ತಲೆಕೆಳಗಾಗಿ ಪಾಲಿಸುತ್ತಿರುವುದನ್ನು ದಾಸೋಹದ ಪಂಕ್ತಿಗಳಲ್ಲಿ ನಾವು ಕಾಣುತ್ತೇವೆ. ಬಡಿಸುವವರು ಪ್ರೀತಿಯಿಂದ ಒತ್ತಾಯಿಸುತ್ತಾರೆ; ಸಕ್ಕರೆ ಕಾಯಿಲೆಯುಳ್ಳ ಹಿರಿಯರು ಬೇಡವೆನ್ನಲು ಸಂಕೋಚಪಟ್ಟು, ಬಿಡಲೂ ಆಗದೆ, ಎರಡನೆಯ ಹೋಳಿಗೆಯನ್ನೂ ಉಂಡು ಏಳುತ್ತಾರೆ. ಬಿಡಬಾರದೆಂದರೆ ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂದು ಅರ್ಥ. ಎಲೆಗೆ ಬೀಳುವ ಮೊದಲೇ ‘ಸಾಕು’ ಎನ್ನುವುದರಿಂದ ಪ್ರಸಾದಕ್ಕೆ ಯಾವ ಅಗೌರವವೂ ಆಗದು. ಆ ಮಾತನ್ನು ಮೊದಲ ಸಲಕ್ಕೇ ಕೇಳಿಸಿಕೊಳ್ಳುವುದು ಬಡಿಸುವವರ ಕರ್ತವ್ಯ.

ಎಷ್ಟು ಉಣ್ಣಬೇಕೆಂಬುದರಷ್ಟೇ ಮುಖ್ಯವಾದುದು ಯಾವಾಗ ಏನನ್ನು ಉಣ್ಣಬೇಕೆಂಬುದು. ಚರಕಸಂಹಿತೆಯ ಸೂತ್ರಸ್ಥಾನದ 6ನೆಯ ಅಧ್ಯಾಯ ಋತುಚರ್ಯೆಗೇ ಮೀಸಲಾಗಿದೆ. ಚಳಿಗಾಲದಲ್ಲಿ ಜಠರಾಗ್ನಿ ಬಲವಾಗಿದ್ದು, ಬೇಸಿಗೆಯ ಕೊನೆಗೂ ಮಳೆಗಾಲದಲ್ಲೂ ಕುಗ್ಗುತ್ತದೆಂಬುದು ಆಯುರ್ವೇದದ ನಿಲುವು. ಒಂದು ಋತುವಿನ ಕೊನೆಯ 7 ದಿನ, ಮುಂದಿನದರ ಮೊದಲ 7 ದಿನ ಋತುಸಂಧಿ. ಹಳೆಯ ರೂಢಿಯನ್ನು ಮೆಲ್ಲಗೆ ಬಿಟ್ಟು ಹೊಸದನ್ನು ಮೆಲ್ಲಗೆ ಹಿಡಿಯಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹೇಳಿದ್ದಾನೆ. ಒಮ್ಮೆಲೇ ಎಲ್ಲವನ್ನೂ ತೊರೆಯುವೆನೆಂದು ಶಪಥ ಮಾಡಿ ವಾರದಲ್ಲಿ ಸೋಲುವವರಿಗೆ ಇದು ಒಳ್ಳೆಯ ದಾರಿ.

ಈ ಶಾಸ್ತ್ರವನ್ನು ಓದದೆಯೂ ಉತ್ತರ ಕರ್ನಾಟಕದ ತಾಯಂದಿರು ಹಬ್ಬಗಳ ಅಡುಗೆಯಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ. ಬೀದರ್, ಕಲಬುರಗಿಯ ಕಡೆ ಎಳ್ಳಮವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ಕಡುಬು, ಅಂಬಲಿ ಉಣ್ಣುತ್ತಾರೆ. ಭಜ್ಜಿಯಲ್ಲಿ ಆ ಕಾಲದ ಹಸಿ ಕಾಳು, ಸೊಪ್ಪು, ಕಾಯಿಪಲ್ಯಗಳು ಒಟ್ಟಿಗೆ ಬೇಯುತ್ತವೆ. ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಅವರೆ, ಗಜ್ಜರಿ. ಎಳ್ಳಿನಲ್ಲಿ ಎಣ್ಣೆಯಂಶವೂ ಸುಣ್ಣದಂಶವೂ ಹೆಚ್ಚು, ಸಜ್ಜೆಯಲ್ಲಿ ಕಬ್ಬಿಣದಂಶ ಚೆನ್ನಾಗಿದೆ. ಚರ್ಮ ಒಡೆಯುವ ಚಳಿಗೆ ಇದಕ್ಕಿಂತ ಹೊಂದುವ ಊಟವನ್ನು ನಾವಂತೂ ಕಾಣೆವು. ಆದರೆ ಇದು ವರ್ಷಕ್ಕೊಂದು ದಿನದ ಶಾಸ್ತ್ರವಾಗಿ ಉಳಿದು, ಮಿಕ್ಕ ದಿನಗಳಲ್ಲಿ ಬಿಳಿ ಅನ್ನ, ಮೈದಾ, ಬೇಕರಿ ತಿನಿಸುಗಳೇ ಮನೆ ತುಂಬಿವೆ. ವಾರದಲ್ಲಿ ನಾಲ್ಕು ದಿನವಾದರೂ ಜೋಳ ಅಥವಾ ಸಜ್ಜೆಯ ರೊಟ್ಟಿ, ಜೊತೆಗೊಂದು ಕಾಳಿನ ಪಲ್ಯ, ಹಸಿ ಸೌತೆ ಇಲ್ಲವೆ ಮೂಲಂಗಿ ಇರಲಿ. ಹಣ್ಣು, ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಆದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಯುಗಾದಿಯಿಂದ ಮುಂದೆ ಮಜ್ಜಿಗೆ, ಅಂಬಲಿ, ನುಚ್ಚು. ಬಾಟಲಿಯ ಸಿಹಿ ಪಾನೀಯ ಇವುಗಳಿಗೆ ಸಮವಲ್ಲ. ಮಳೆ ಹಿಡಿದ ಮೇಲೆ ಕುದಿಸಿ ಆರಿಸಿದ ನೀರು, ಬಿಸಿಬಿಸಿಯಾದ ಹಗುರ ಊಟ, ಹುರುಳಿ ಸಾರು, ಶುಂಠಿ. ಸೊಪ್ಪನ್ನು ಹಲವು ನೀರಿನಲ್ಲಿ ತೊಳೆಯದೆ ಒಲೆಗೇರಿಸಬಾರದು.

ನಮ್ಮ ಊಟದ ದೋಷವೊಂದನ್ನೂ ಹೇಳಲೇಬೇಕು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಪುಷ್ಟಿಕರವೇ. ಆದರೆ ಅವುಗಳ ಜೊತೆ ಉಪ್ಪಿನಕಾಯಿ, ಹಪ್ಪಳ, ಹುರಿದ ಮೆಣಸಿನಕಾಯಿ ಸೇರಿದರೆ ಉಪ್ಪು ಮಿತಿ ಮೀರುತ್ತದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಹಾ ಚಮಚೆಯೊಳಗೆ ಉಪ್ಪು ಸಾಕು. ರಕ್ತದೊತ್ತಡವಿರುವ ಮನೆಯಲ್ಲಿ ಹಿಂಡಿ ಕುಟ್ಟುವಾಗಲೇ ಉಪ್ಪನ್ನು ಅರ್ಧಕ್ಕಿಳಿಸಿ, ಉಪ್ಪಿನಕಾಯಿಯ ಭರಣಿಯನ್ನು ಊಟದ ಜಾಗದಿಂದ ದೂರವಿಡಿ.

ಶ್ರಾವಣ ಸೋಮವಾರದ ಒಪ್ಪೊತ್ತು ಒಳ್ಳೆಯ ಅಭ್ಯಾಸ. ಅಂದು ಊಟ ಬಿಟ್ಟು ಸಾಬುದಾನಿ ಖಿಚಡಿ, ಕರಿದ ಆಲೂಗಡ್ಡೆ ತಿಂದರೆ ಹೊಟ್ಟೆಗೆ ವಿಶ್ರಾಂತಿಯೆಲ್ಲಿ? ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಉಪವಾಸದ ನಡುವೆ ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟರೆ ರಕ್ತದ ಸಕ್ಕರೆ ಇಳಿದಿರಬಹುದು. ಪೂಜೆ ಮುಗಿಯಲೆಂದು ಕಾಯದೆ ಕೂಡಲೇ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.