ಚಿತ್ರ ಎಲ್ಲಿ ನಿಂತೈತಿ?

ನಮ್ಮ ಗದಗ-ಬೆಟಗೇರಿ ಕಡೆ ಟಿವಿ ರಿಪೇರಿ ಮಾಡುವ ಹಳೆಯ ಕೈಗಳು ಸ್ಕ್ರೂಡ್ರೈವರ್ ಹಿಡಿಯೋ ಮೊದಲು ಒಂದು ಪ್ರಶ್ನೆ ಕೇಳ್ತಾರೆ: "ಚಿತ್ರ ಎಲ್ಲಿ ನಿಂತೈತಿ?" ಎಲ್ಲಿಂದಲೋ ಹೊರಟ ಚಿತ್ರ ನಿಮ್ಮ ಪಡಸಾಲೆಗೆ ಬರೋ ದಾರಿಯಲ್ಲಿ ಯಾವ ಊರಿನ ಹತ್ತಿರ ಬಸ್ಸು ಕೆಟ್ಟು ನಿಂತಿದೆ ಅಂತ ಮೊದಲು ಹುಡುಕಬೇಕು. ರಿಪೇರಿ ಆಮೇಲೆ. ಚಿತ್ರ ನಿಲ್ಲೋ ಈ ಜಾಗಕ್ಕೂ ಒಂದು ಚರಿತ್ರೆ ಇದೆ. ಐವತ್ತು ವರ್ಷದಲ್ಲಿ ಅದು ಆಕಾಶದಿಂದ ಮಾಳಿಗೆಗೆ, ಮಾಳಿಗೆಯಿಂದ ಓಣಿಗೆ, ಓಣಿಯಿಂದ ಟಿವಿಯ ಬೆನ್ನಿಗೆ ಸರಿದು ಬಂದಿದೆ.

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಟಿವಿ ಬಂದದ್ದು ಬೆಂಗಳೂರಿನ ದಾರಿ ಹಿಡಿದು ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಅನ್ನೋ ಪ್ರಯೋಗ ನಡೆಸಿದವು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರ ಇಳಿಸಿದರು. ಕರ್ನಾಟಕದ ಪಾಲಿಗೆ ಬಂದದ್ದು ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು. ಮೂರು ಮೀಟರ್ ಅಗಲದ ತಂತಿ ಜಾಳಿಗೆಯ ಡಿಶ್, ಅದರ ಕೆಳಗೆ ಊರಿಗೊಂದೇ ಟಿವಿ. ಆಗ ಗದಗ, ಶಿರಹಟ್ಟಿ, ಮುಂಡರಗಿ ಎಲ್ಲವೂ ಧಾರವಾಡ ಜಿಲ್ಲೆಯಲ್ಲಿದ್ದವು. ಹಾಗಾಗಿ ನಮ್ಮವು ಪಟ್ಟಿಯಲ್ಲಿ ಇರಲಿಲ್ಲ. ಮುಂಡರಗಿಗೆ ಹತ್ತಿಕೊಂಡಿರುವ ಕೊಪ್ಪಳ ಆಗ ರಾಯಚೂರು ಜಿಲ್ಲೆ. ಅಂದ್ರೆ ಟಿವಿ ನಮ್ಮ ಪಕ್ಕದ ಜಿಲ್ಲೆಯ ತನಕ ಬಂದು ನಿಂತಿತ್ತು. ಸೈಟ್ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಶುರುವಾಯಿತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ಈ ಒಂದು ವಿಷಯದಲ್ಲಿ ಗುಲ್ಬರ್ಗಾ ರಾಜಧಾನಿಗಿಂತ ನಾಲ್ಕು ವರ್ಷ ಮುಂದಿತ್ತು ಅಂದ್ರೆ ಬೆಂಗಳೂರಿನ ಗೆಳೆಯರು ಈಗಲೂ ನಂಬೋದಿಲ್ಲ.

1982ರ ಆಗಸ್ಟ್ 15ಕ್ಕೆ ದೇಶದಲ್ಲಿ ಬಣ್ಣದ ಪ್ರಸಾರ ಬಂತು. ಆಮೇಲೆ ಸಣ್ಣ ಊರುಗಳ ತನಕ ಟ್ರಾನ್ಸ್‌ಮಿಟರ್‌ಗಳು ಹಬ್ಬಿದವು, ಮಾಳಿಗೆ ಮೇಲೆ ಆಂಟೆನಾ ಎದ್ದವು. ಟಿವಿ ಅಲೆಗಳು ಹೆಚ್ಚುಕಡಿಮೆ ನೆಟ್ಟನೆ ಓಡುತ್ತವೆ, ಗುಡ್ಡ ಅಡ್ಡ ಬಂದರೆ ಹಿಂದೆ ನೆರಳು ಬೀಳುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡದ ಮಗ್ಗುಲಲ್ಲಿ ಮನೆ ಇದ್ದವರಿಗೆ ಇದು ಫಿಸಿಕ್ಸ್ ಓದದೇ ಗೊತ್ತಿತ್ತು. ಗುಡ್ಡಕ್ಕೆ ಬಡಿದು ವಾಪಸ್ ಬಂದ ಅಲೆ ತುಸು ತಡವಾಗಿ ಸೇರಿದರೆ ರಾಮನ ಪಕ್ಕದಲ್ಲಿ ಇನ್ನೊಬ್ಬ ಮಸುಕು ರಾಮ ನಿಲ್ಲುತ್ತಿದ್ದ. ಒಬ್ಬ ಮಾಳಿಗೆ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಟಿವಿ ಮುಂದೆ: "ಬಂತೇನೋ?" "ಇಲ್ಲ, ಇನ್ನೊಂಚೂರು ತಿರುವು... ಹಾಂ, ಬಿಡು ಬಿಡು, ಮುಟ್ಟಬ್ಯಾಡ!" ನಾನು ಹುಟ್ಟಿ ಬುದ್ಧಿ ಬರೋ ಹೊತ್ತಿಗೂ ಇದು ನಡೀತಿತ್ತು. ಆ ಕಾಲದ ದೋಷ ಕಣ್ಣಿಗೆ ಕಾಣುತ್ತಿತ್ತು. ಸಿಗ್ನಲ್ ಸ್ವಲ್ಪ ಕಡಿಮೆಯಾದರೆ ಚುಕ್ಕಿ ಸ್ವಲ್ಪ ಹೆಚ್ಚಾಗುತ್ತಿದ್ದವು. ಕೆಟ್ಟದ್ದು ಎಷ್ಟು, ಯಾವ ದಿಕ್ಕಿಗೆ ತಿರುಗಿಸಿದರೆ ಸುಧಾರಿಸುತ್ತದೆ ಅಂತ ಪರದೆಯೇ ಹೇಳುತ್ತಿತ್ತು.

90ರ ದಶಕದಲ್ಲಿ ಕೇಬಲ್ ಬಂತು. 1994ಕ್ಕೆ ಉದಯ ಟಿವಿ, 2000ದ ಕೊನೆಗೆ ಈಟಿವಿ ಕನ್ನಡ. ಚಿತ್ರ ನಿಲ್ಲುವ ಜಾಗ ಓಣಿಯ ಕಂಬಕ್ಕೆ ಇಳಿಯಿತು. ಆಂಪ್ಲಿಫೈಯರ್ ಇರೋ ಮನೆಯ ಕರೆಂಟ್ ಹೋದರೆ ಅದರ ಮುಂದಿನ ಮನೆಗಳಿಗೆಲ್ಲ ಚಿತ್ರ ಹೋಯಿತು. ಆಗ ರಿಪೇರಿಯವರು ಮೊದಲು ಕೇಳುತ್ತಿದ್ದುದು: "ಬಾಜು ಮನ್ಯಾಗ ಬರ್ತೈತೇನ್ರಿ?" ಈ ಒಂದು ಪ್ರಶ್ನೆಗೆ ಅರ್ಧ ಪತ್ತೆ ಮುಗೀತಿತ್ತು.

ಮುಂದಿನದು ಮೂರು ಬಣ್ಣದ ವಾಯರ್. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಹಳದಿ ವಾಯರ್‌ನಲ್ಲಿ ಓಡೋದು ಹೆಚ್ಚೆಂದರೆ 1 ವೋಲ್ಟ್. ಅದರೊಳಗೇ ಬೆಳಕು, ಬಣ್ಣ, 'ಇಲ್ಲಿಂದ ಹೊಸ ಸಾಲು' ಅನ್ನೋ ಗುರುತು, ಎಲ್ಲ ಇರುತ್ತಿತ್ತು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು. ಈ ವಾಯರ್ ಯಾರನ್ನೂ ಏನೂ ಕೇಳುತ್ತಿರಲಿಲ್ಲ, ಹಚ್ಚಿದರೆ ಬಂತು. ಹಳದಿ ತಗೊಂಡು ಬಿಳಿ ತೂತಿಗೆ ಹಾಕಿದರೆ ಚಿತ್ರದ ಬದಲು 'ಗುಂಯ್' ಅಂತ ಸದ್ದು ಬರುತ್ತಿತ್ತು, ತಪ್ಪು ಅಲ್ಲೇ ಗೊತ್ತಾಗುತ್ತಿತ್ತು. ಫ್ಲಾಟ್ ಟಿವಿ ಬಂದ ಮೇಲೆ ಒಂದು ಹೊಸ ತೊಡಕು ಸೇರಿತು. ಜಾಗ ಉಳಿಸಲು ಎಷ್ಟೋ ಕಂಪನಿಗಳು ಹಳದಿ ವಾಯರ್‌ಗೂ ಕಾಂಪೊನೆಂಟ್‌ನ ಹಸಿರು ವಾಯರ್‌ಗೂ ಒಂದೇ ತೂತು ಕೊಟ್ಟವು. ರಿಮೋಟಿನಲ್ಲಿ ಎವಿ ಬದಲು ಕಾಂಪೊನೆಂಟ್ ಆರಿಸಿದ್ದರೆ ಟಿವಿ ಅದರಿಂದ ಬೆಳಕನ್ನಷ್ಟೇ ತಗೊಳ್ಳುತ್ತದೆ, ಬಣ್ಣ ಬಿಡುತ್ತದೆ. "ಕಲರ್ ಹೋಗೈತ್ರಿ, ಬ್ಲ್ಯಾಕ್ ಅಂಡ್ ವೈಟ್ ಆಗೈತಿ" ಅಂತ ಅಂಗಡಿಗೆ ಹೊತ್ತು ತಂದ ಎಷ್ಟೋ ಟಿವಿಗಳಿಗೆ ಒಂದು ಬಟನ್ ಸಾಕಿತ್ತು.

ಆಮೇಲೆ ಎಚ್‌ಡಿಎಂಐ. ಅದರ ಮೊದಲ ಆವೃತ್ತಿ ಹೊರಬಂದದ್ದು 2002ರ ಡಿಸೆಂಬರ್‌ನಲ್ಲಿ. ನಮ್ಮ ಹಳ್ಳಿಗಳಿಗೆ ಅದು ಡಿಶ್ ಮತ್ತು ಸೆಟ್‌ಟಾಪ್ ಬಾಕ್ಸ್ ಬೆನ್ನು ಹತ್ತಿ ಬಂತು. ಕೇಬಲ್ ಕಾನೂನಿಗೆ 2011ರಲ್ಲಿ ತಿದ್ದುಪಡಿ ಆಗಿ ಬಾಕ್ಸ್ ಕಡ್ಡಾಯವಾಯಿತು. ಕಾಗದದ ಮೇಲೆ ಗದಗಿನಂಥ ಊರುಗಳಿಗೆ 2015ರ ಡಿಸೆಂಬರ್ 31, ಹಳ್ಳಿಗಳಿಗೆ ಕೊನೆಗೆ 2017ರ ಮಾರ್ಚ್ 31 ಗಡುವು.

ಎಚ್‌ಡಿಎಂಐ ತೂತಿನಲ್ಲಿ 19 ಪಿನ್ ಇವೆ. ಇದು ಹಳದಿ ವಾಯರ್‌ನಂಥ ಮೂಕ ದಾರಿ ಅಲ್ಲ, ಹೆಣ್ಣು ನೋಡೋ ಶಾಸ್ತ್ರ. ಮೊದಲು ಬಾಕ್ಸ್ 18ನೇ ಪಿನ್‌ನಲ್ಲಿ 5 ವೋಲ್ಟ್ ಕಳಿಸಿ "ನಾವು ಬಂದೀವ್ರಿ" ಅನ್ನುತ್ತದೆ. ಟಿವಿ 19ನೇ ಪಿನ್‌ನಲ್ಲಿ "ಬರ್ರಿ, ಕುಂಡ್ರಿ" ಅನ್ನುತ್ತದೆ. ಆಗ ಬಾಕ್ಸ್ 15 ಮತ್ತು 16ನೇ ಪಿನ್‌ಗಳ ಮೂಲಕ ಟಿವಿಯ ಜಾತಕ ಓದುತ್ತದೆ: ಯಾವ ಕಂಪನಿ, ಎಷ್ಟು ಅಗಲ, ಯಾವ ಯಾವ ರೆಸಲ್ಯೂಶನ್ ಒಪ್ಪುತ್ತದೆ. ಇದರ ಹೆಸರು ಇಡಿಐಡಿ, ಮೂಲದಲ್ಲಿ ಬರೀ 128 ಬೈಟ್. 1994ರಲ್ಲಿ ಕಂಪ್ಯೂಟರ್ ಮಾನಿಟರ್‌ಗಳಿಗೆ ಮಾಡಿದ ಪದ್ಧತಿ. ಅದಾದ ಮೇಲೆ ಎಚ್‌ಡಿಸಿಪಿ, ಇಂಟೆಲ್ ಮಾಡಿದ ಕಳ್ಳನಕಲು ತಡೆಯುವ ಬೀಗ. ಬೀಗ ತೆಗೆದ ಮೇಲೆ ಚಿತ್ರ. ಈ ಮಾತುಕತೆ ಮುರಿದರೆ ಪರದೆ ಮೇಲೆ ಹೆಚ್ಚಾಗಿ ಬರೋದು ಅದೇ ಎರಡು ಪದ: ನೋ ಸಿಗ್ನಲ್.

ನನಗೆ ಸಿಟ್ಟು ಬರೋದು ಇಲ್ಲಿ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ನಮ್ಮ ಕೆಲಸದಲ್ಲಿ ಪ್ರೋಗ್ರಾಂ ಬಿದ್ದರೆ ಎಲ್ಲಿ ಬಿತ್ತು ಅಂತ ಲಾಗ್ ಇರುತ್ತದೆ. ಟಿವಿಯ ಒಳಗಿನ ಚಿಪ್‌ಗೂ ಮಾತು ಎಲ್ಲಿ ನಿಂತಿತು ಅನ್ನೋದು ಹೆಚ್ಚುಕಡಿಮೆ ಗೊತ್ತಿರುತ್ತದೆ, ಆದರೆ ಮನೆಯವರಿಗೆ ಹೇಳುವುದಿಲ್ಲ. ಹಳೆಯ ಚುಕ್ಕಿಗಳು ಹೇಳುತ್ತಿದ್ದಷ್ಟನ್ನೂ ಇದು ಹೇಳುವುದಿಲ್ಲ. ಆ ಗುಟ್ಟಿನ ಬೆಲೆ ಕೊಡೋರು ಲಕ್ಷ್ಮೇಶ್ವರದ ಕಡೆ ಒಂಟಿ ಇರುವ ನಮ್ಮ ಕಾಕಾನಂಥವರು. ಅವರ ಟಿವಿಯಲ್ಲಿ ಹೀಗೇ ನೋ ಸಿಗ್ನಲ್ ಬಂತು. ನೋಡಲು ಬಂದ ಹುಡುಗ, "ಮದರ್‌ಬೋರ್ಡ್ ಹೋಗೈತ್ರಿ ಅಜ್ಜಾರ, ಹೊಸಾ ಟಿವಿನೇ ಚಲೋ" ಅಂದು ಹೋದ. ಕಾಕಾ ಬೆಟಗೇರಿಯ ಒಬ್ಬ ಹಳೆಯ ರಿಪೇರಿಯವರನ್ನು ಕರೆಸಿದರು. ಅವರು ಅದೇ ಬಾಕ್ಸ್‌ಗೆ ಮೂರು ಬಣ್ಣದ ವಾಯರ್ ಹಚ್ಚಿ ಇನ್‌ಪುಟ್ ಎವಿಗೆ ಇಟ್ಟರು. ಚಿತ್ರ ಬಂತು. ಡಿಶ್, ಬಾಕ್ಸ್, ಪ್ಯಾನಲ್ ಮೂರೂ ನೆಟ್ಟಗಿವೆ ಅಂತ ಎರಡು ನಿಮಿಷದಲ್ಲಿ ತೀರ್ಮಾನ. ಎಚ್‌ಡಿಎಂಐ ವಾಯರ್ ತೆಗೆದು ಎರಡನೇ ತೂತಿಗೆ ಹಾಕಿದರು. ಅಲ್ಲೂ ಬಂತು. ಸತ್ತದ್ದು ಒಂದೇ ತೂತು. ದಾರಿಯನ್ನು ಅರ್ಧ ಅರ್ಧ ಕತ್ತರಿಸುತ್ತ ದೋಷ ಹಿಡಿಯೋ ಈ ವಿದ್ಯೆಗೆ ನಮ್ಮ ಆಫೀಸಿನಲ್ಲಿ ಬೈಸೆಕ್ಟ್ ಅನ್ನುತ್ತೇವೆ. ಅವರು ಅದಕ್ಕೆ ಹೆಸರೇ ಇಟ್ಟಿರಲಿಲ್ಲ.

ತೂತು ಯಾಕೆ ಸತ್ತಿತು ಅನ್ನೋದು ನಮ್ಮ ಹಳ್ಳಿ ಮನೆಗಳಿಗೆ ಮುಖ್ಯ. ಈಗಿನ ಟಿವಿ, ಬಾಕ್ಸ್ ಎರಡರ ಪವರ್ ಸಪ್ಲೈಯೂ ಅರ್ಥಿಂಗ್ ಇಲ್ಲದಿದ್ದರೆ ನೆಲದ ಲೆಕ್ಕದಲ್ಲಿ ತೇಲುತ್ತಿರುತ್ತವೆ. ಮೀಟರ್ ಹಿಡಿದರೆ 100 ವೋಲ್ಟ್ ಆಸುಪಾಸು ತೋರಿಸೋದುಂಟು. ಕರೆಂಟ್ ಬಹಳ ಸಣ್ಣದು, ಕೈಗೆ 'ಜುಮ್' ಅನ್ನುತ್ತದೆ ಅಷ್ಟೇ. ಆದರೆ ಎರಡೂ ಚಾಲೂ ಇದ್ದಾಗ ವಾಯರ್ ಚುಚ್ಚಿದರೆ, ಆ ವ್ಯತ್ಯಾಸ ತೀರುವುದು 5 ವೋಲ್ಟಿಗೂ ಕಡಿಮೆಯಲ್ಲಿ ಬಾಳುವ ಆ ಸೂಕ್ಷ್ಮ ಪಿನ್‌ಗಳ ಮೂಲಕವೇ ಇರಬಹುದು. ಬೇಸಿಗೆಯ ಅಡ್ಡಮಳೆಯಲ್ಲಿ ಸಿಡಿಲು ಹತ್ತಿರ ಬಿದ್ದರೆ ಇನ್ನೂ ಕೆಟ್ಟದ್ದು: ಡಿಶ್ ವಾಯರ್ ಹಿಡಿದು ಬಾಕ್ಸ್, ಬಾಕ್ಸ್‌ನಿಂದ ಎಚ್‌ಡಿಎಂಐ, ಅಲ್ಲಿಂದ ಟಿವಿ. ಸ್ವಿಚ್ ಆಫ್ ಮಾಡಿದರೆ ಸಾಲದು, ವಾಯರ್ ಕಿತ್ತು ಇಡಬೇಕು.

ಆ ರಿಪೇರಿಯವರ ಕ್ರಮವನ್ನೇ ಬರೆಯುತ್ತೇನೆ. ಮೊದಲು ರಿಮೋಟಿನಲ್ಲಿ ಇನ್‌ಪುಟ್ ಸರಿಯಿದೆಯಾ ನೋಡಿ. ಬಾಕ್ಸ್‌ನ ಲೈಟ್ ನೋಡಿ. ಎರಡನ್ನೂ ಗೋಡೆಯ ಸ್ವಿಚ್‌ನಲ್ಲೇ ಆರಿಸಿ, ವಾಯರ್ ಬಿಚ್ಚಿ, ಮತ್ತೆ ಗಟ್ಟಿ ಹಾಕಿ, ಮೊದಲು ಟಿವಿ ಆಮೇಲೆ ಬಾಕ್ಸ್ ಹಚ್ಚಿ. ಮಾತುಕತೆ ಹೊಸದಾಗಿ ಶುರುವಾಗುತ್ತದೆ. ಆಗದಿದ್ದರೆ ಬೇರೆ ತೂತು. ಅದೂ ಆಗದಿದ್ದರೆ ಬೇರೆ ವಾಯರ್. ಬಾಕ್ಸ್‌ಗೆ ಮೂರು ಬಣ್ಣದ ತೂತಿದ್ದರೆ ಅದರಲ್ಲಿ ನೋಡಿ. ಚಿತ್ರ ಬಂದರೆ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ 720ಕ್ಕೆ ಇಳಿಸಿ ಮತ್ತೆ ಎಚ್‌ಡಿಎಂಐ ಪ್ರಯತ್ನಿಸಿ. ಪ್ರತಿ ಸಲ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗಲ್ಲ.

ಕಷ್ಟ ಇರೋದು ಇದನ್ನು ಬಲ್ಲವರು ಕಡಿಮೆಯಾಗುತ್ತಿರುವುದರಲ್ಲಿ. ಡಬ್ಬಿ ಟಿವಿ ಕಾಲದಲ್ಲಿ ಸರ್ಕ್ಯೂಟ್ ನಕ್ಷೆಯ ಪುಸ್ತಕ ಅಂಗಡಿಯಲ್ಲಿ ಸಿಗುತ್ತಿತ್ತು, ಒಂದು ಕೆಪಾಸಿಟರ್ ಬದಲಿಸಿ ಟಿವಿ ಎಬ್ಬಿಸುತ್ತಿದ್ದರು. ಈಗ ನಕ್ಷೆ ಕಂಪನಿಯ ಹತ್ತಿರ, ಅಂಗಡಿಯವರ ಹತ್ತಿರ ಯೂನಿವರ್ಸಲ್ ಬೋರ್ಡ್. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು, ಆಮೇಲೆ ಒಂದು ಪೋರ್ಟಲ್ ಕೂಡ ಬಂತು. ಮುಂಡರಗಿಯ ಸಂತೆ ದಿನ ಟಿವಿ ಹೊತ್ತು ತರುವ ರೈತನ ಕೈಗೆ ಆ ಹಕ್ಕು ಸಿಗಬೇಕಾದರೆ ನಕ್ಷೆ ಬೆಟಗೇರಿಯ ಆ ಅಂಗಡಿ ತನಕ ಬರಬೇಕು.

ಕಾಕಾನ ಮನೆಯಲ್ಲಿ ಈಗ ಮೂರು ಪಿನ್ ಬೋರ್ಡ್ ಕೂತಿದೆ, ಹಿತ್ತಲಲ್ಲಿ ಅರ್ಥಿಂಗ್ ರಾಡ್ ಇಳಿದಿದೆ. ಬೇಸಿಗೆಯಲ್ಲಿ ಅದಕ್ಕೆ ವಾರಕ್ಕೊಂದು ಕೊಡ ನೀರು ಹಾಕ್ತಾರೆ.